ದೊಡ್ಡ ಒಲೆಗೆ ಪಾಠ ಹೇಳುವವರು ಯಾರು?

ಸೌದೆ ಉಳಿಸಿ, ಕಾಡು ಉಳಿಸಿ ಎಂಬ ಉಪದೇಶವನ್ನು ಈ ನಾಡಿನಲ್ಲಿ ಹೆಂಗಸರಷ್ಟು ಕೇಳಿಸಿಕೊಂಡವರು ಬೇರೆ ಯಾರೂ ಇರಲಾರರು. 1980ರ ದಶಕದಲ್ಲಿ ಹೊಗೆಯಿಲ್ಲದ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ದವರು ರೂಪಿಸಿದ ಮೂರು ಪಾತ್ರೆಯ ಒಲೆ ಹಳ್ಳಿಹಳ್ಳಿಗೆ ಹೋಯಿತು. ಒಳ್ಳೆಯ ಒಲೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಎಷ್ಟೋ ತಾಯಂದಿರ ಕಣ್ಣು ಉಳಿದಿದ್ದರೆ ಅದಕ್ಕೆ ಇಂಥ ಒಲೆಯೂ ಒಂದು ಕಾರಣ. ಆಮೇಲೆ ಗೋಬರ್ ಗ್ಯಾಸ್ ಬಂತು, 2016ರಲ್ಲಿ ಉಜ್ವಲ ಯೋಜನೆಯ ಸಿಲಿಂಡರ್ ಬಂತು. ಪ್ರತಿ ಸಲವೂ ಹೆಂಗಸರನ್ನು ಸಾಲಾಗಿ ಕೂರಿಸಿ, ಒಂದು ಕೊಳ್ಳಿ ಸೌದೆ ಹೇಗೆ ಉಳಿಸಬೇಕು, ಪಾತ್ರೆಗೆ ಮುಚ್ಚಳ ಯಾಕೆ ಮುಚ್ಚಬೇಕು ಎಂದು ಭಾಷಣ ಮಾಡಿದ್ದೇ ಮಾಡಿದ್ದು. ಪಾತ್ರೆಗೆ ಮುಚ್ಚಳ ಮುಚ್ಚುವುದನ್ನು ಗಂಡಸರಿಂದ ಕಲಿಯಬೇಕಾದ ಯೋಗ ನಮ್ಮದು!

ನನ್ನ ಪ್ರಶ್ನೆ ಇಷ್ಟೇ. ಊರಿನ ದೊಡ್ಡ ಒಲೆಗೆ ಪಾಠ ಹೇಳಿದವರು ಯಾರು?

ದೊಡ್ಡ ಒಲೆ ಎಂದರೆ ಬಾಯ್ಲರು. ನಾನು ಭದ್ರಾವತಿಯ ಸೊಸೆ. ಈ ಊರಿನಲ್ಲಿ ಕಾಗದನಗರ ಎಂದರೆ ಒಂದು ಬಡಾವಣೆಯ ಹೆಸರು ಮಾತ್ರವಲ್ಲ, ಎರಡು ಮೂರು ತಲೆಮಾರಿನ ಅನ್ನದ ಹೆಸರು. ಮೈಸೂರು ಕಾಗದ ಕಾರ್ಖಾನೆ, ನಮ್ಮ ಬಾಯಲ್ಲಿ ಎಂಪಿಎಂ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾಯಿತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು, 1981ರಿಂದ ಸುದ್ದಿಕಾಗದ ತಯಾರಿಸತೊಡಗಿತು. ಬೆಳಗಿನ ಕಾಫಿಯೊಂದಿಗೆ ನೀವು ಓದಿದ ಪತ್ರಿಕೆಯ ಹಾಳೆ ಭದ್ರಾ ನದಿಯ ನೀರು ಕುಡಿದು ಬಂದದ್ದಿರಬಹುದು. 2015ರಲ್ಲಿ ಉತ್ಪಾದನೆ ನಿಂತಿತು. ಈಗ ಊರಿನಲ್ಲಿ ಯಾರನ್ನು ಕೇಳಿದರೂ ಎರಡೇ ಮಾತು. ಕೆಲಸ ಕಳೆದುಕೊಂಡವರು, ಕಾರ್ಖಾನೆ ತೆರೆಯಲಿ ಎನ್ನುತ್ತಾರೆ. ಹಳ್ಳಿಯ ಕಡೆಯವರು, ಅಕೇಶಿಯಾ ತೊಲಗಲಿ ಎನ್ನುತ್ತಾರೆ. ಎರಡೂ ನ್ಯಾಯವಾದ ಮಾತೇ. ಆದರೆ ಒಳಗೆ ಉರಿಯುವುದು ಏನು ಎಂದು ಕೇಳುವವರನ್ನು ಮಾತ್ರ ನಾನು ಕಂಡಿಲ್ಲ.

ಕಾಗದ ಮರದಿಂದ ಆಗುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಹಾಗೆನ್ನುವುದು, ಅನ್ನ ಅಕ್ಕಿಯಿಂದ ಆಗುತ್ತದೆ ಎಂದಷ್ಟೇ ಸರಿ. ಅಕ್ಕಿ ಇದ್ದ ಮಾತ್ರಕ್ಕೆ ಅನ್ನವಾಯಿತೇ? ಒಲೆಯನ್ನು ಲೆಕ್ಕಕ್ಕೆ ಹಿಡಿಯದೆ ಅಡುಗೆಯ ಖರ್ಚು ಹೇಳುವವರು ಎಂದೂ ಅಡುಗೆ ಮಾಡಿದವರಲ್ಲ. ಕಾಗದವೂ ಅಡುಗೆಯೇ. ಮರವನ್ನು ಚೂರು ಚೂರು ಮಾಡಿ, ಕಾಸ್ಟಿಕ್ ಸೋಡಾ ಮತ್ತು ಗಂಧಕದ ಲವಣ ಬೆರೆಸಿದ ದ್ರಾವಣದಲ್ಲಿ ಮುಳುಗಿಸಿ, ಮನೆಗಿಂತ ಎತ್ತರದ ಪ್ರೆಷರ್ ಕುಕ್ಕರಿನಲ್ಲಿ ಸುಮಾರು 160-170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹಾಗೆ ಬೆಂದು ಬಿಡಿಸಿಕೊಂಡ ನಾರೇ ತಿರುಳು. ಆ ತಿರುಳನ್ನು ನೀರಿನಲ್ಲಿ ಕದಡಿ, ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಪಾಲು ನೀರೇ ಇರುವಂತೆ ತೆಳ್ಳಗೆ ಮಾಡಿ, ಜಾಲರಿಯ ಮೇಲೆ ಹರಿಸುತ್ತಾರೆ. ಸೋರಿದ್ದು ಸೋರಿ, ಉರುಳೆಗಳ ನಡುವೆ ಹಿಂಡಿದ್ದು ಹಿಂಡಿ ಆದಮೇಲೂ ಹಾಳೆಯಲ್ಲಿ ಸುಮಾರು ಅರ್ಧ ನೀರು ಉಳಿದಿರುತ್ತದೆ. ಮಳೆಗಾಲದಲ್ಲಿ ಜಮಖಾನ ಒಗೆದವರಿಗೆ ಇದು ಅರ್ಥವಾಗುತ್ತದೆ. ಹಿಂಡುವುದು ಸುಲಭ, ಒಣಗಿಸುವುದೇ ಕಷ್ಟ. ಮಲೆನಾಡಿನವರು ಒಲೆಯ ಮೇಲೆ ಬಿದಿರಿನ ತಡಿಕೆ ಕಟ್ಟಿ ಬಟ್ಟೆ ಒಣಗಿಸಿದ ಹಾಗೆ, ಅವರು ಉಗಿ ತುಂಬಿದ ದೊಡ್ಡ ದೊಡ್ಡ ಉರುಳೆಗಳ ಮೇಲೆ ಹಾಳೆಯನ್ನು ಓಡಿಸಿ ಒಣಗಿಸುತ್ತಾರೆ. ಬೇಯಿಸಲೂ ಉಗಿ, ಒಣಗಿಸಲೂ ಉಗಿ. ಆ ಉಗಿ ಬರುವುದು ಬಾಯ್ಲರಿನಿಂದ. ನಮ್ಮ ಎಂಪಿಎಂನಲ್ಲಿ ಬಾಯ್ಲರಿನ ಹೊಟ್ಟೆಗೆ ಬೀಳುತ್ತಿದ್ದದ್ದು ಕಲ್ಲಿದ್ದಲು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ಬರುವುದೆಲ್ಲ ಹೊರಗಿನಿಂದ, ರೈಲಿನಲ್ಲಿ, ದುಡ್ಡು ಕೊಟ್ಟು.

ಇದರಲ್ಲೊಂದು ವಿಚಿತ್ರವಿದೆ, ನೋಡಿ. ಇದೇ ಭದ್ರಾವತಿಯಲ್ಲಿ, ಕಾಗದಕ್ಕೂ ಮೊದಲು, ಕಬ್ಬಿಣದ ಕಾರ್ಖಾನೆ ಬಂದಿತ್ತು. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಮಲೆನಾಡಿನ ಮರ ಕಡಿದು, ಇದ್ದಿಲು ಮಾಡಿ, ಅದರಲ್ಲೇ ಅದಿರು ಕರಗಿಸಿದರು. ಮರವನ್ನು ಬಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಟಾರು, ಮದ್ಯಸಾರ, ಅಸಿಟೇಟು ತೆಗೆಯುವ ಘಟಕವೇ ಇಲ್ಲಿತ್ತು. ಆಮೇಲೆ ಜೋಗದ ವಿದ್ಯುತ್ತಿನಿಂದ ಕುಲುಮೆ ನಡೆಸುವ ಕಾಲವೂ ಬಂತು. ಅಂತೂ ಈ ಊರಿನಲ್ಲಿ ಕಬ್ಬಿಣ ಕರಗಿಸಲು ಕಟ್ಟಿಗೆ ಉರಿಸಿದರು. ಕಟ್ಟಿಗೆ ಬೇಯಿಸಲು ಕಲ್ಲಿದ್ದಲು ಉರಿಸಿದರು. ಯಾವುದು ಎಲ್ಲಿರಬೇಕೋ ಅದು ಅಲ್ಲಿಲ್ಲ!

ಕಾಗದದ ಕಾರ್ಖಾನೆಗೆ ಕಲ್ಲಿದ್ದಲು ಬೇಕೇ ಬೇಕು, ಬೇರೆ ದಾರಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮರವನ್ನು ರಾಸಾಯನಿಕದಲ್ಲಿ ಬೇಯಿಸಿದಾಗ ಅದರ ಸುಮಾರು ಅರ್ಧ ಭಾಗ ಮಾತ್ರ ನಾರಾಗಿ ಉಳಿಯುತ್ತದೆ. ಮಿಕ್ಕರ್ಧ, ನಾರನ್ನು ಅಂಟಿನಂತೆ ಹಿಡಿದಿಟ್ಟ ಲಿಗ್ನಿನ್ ಮುಂತಾದದ್ದು, ಕರಗಿ ಕಪ್ಪು ರಸವಾಗುತ್ತದೆ. ಅದನ್ನು ಹೊಳೆಗೆ ಬಿಟ್ಟರೆ ಮೀನು ಸಾಯುತ್ತದೆ. ಬತ್ತಿಸಿ ಗಟ್ಟಿ ಮಾಡಿ ಉರಿಸಿದರೆ ಅದೇ ಸೌದೆ. 1930ರ ದಶಕದಲ್ಲಿ ಕೆನಡಾದ ಟಾಮ್ಲಿನ್ಸನ್ ಎಂಬಾತ ಈ ಕಪ್ಪು ರಸ ಉರಿಸುವ ಬಾಯ್ಲರನ್ನು ರೂಪಿಸಿದ. ಉಗಿಯೂ ಸಿಕ್ಕಿತು, ಬೇಯಿಸಲು ಹಾಕಿದ ರಾಸಾಯನಿಕವೂ ಬೂದಿಯ ರೂಪದಲ್ಲಿ ವಾಪಸು ಸಿಕ್ಕಿತು. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಗಂಗಾಳಕ್ಕೆ ಹಾಕಿ ದನಕ್ಕೆ ಕೊಡುವ ನಮ್ಮಂಥ ಬುದ್ಧಿಯೇ ಇದು.

ಫಿನ್ಲೆಂಡಿನ ಆನೆಕೋಸ್ಕಿ ಎಂಬಲ್ಲಿ 2017ರಲ್ಲಿ ಶುರುವಾದ ಒಂದು ತಿರುಳಿನ ಕಾರ್ಖಾನೆ ಕಲ್ಲಿದ್ದಲು, ಎಣ್ಣೆ, ಅನಿಲ ಯಾವುದನ್ನೂ ನೆಚ್ಚದೆ ನಡೆಯುವಂತೆ ಕಟ್ಟಿದ್ದು. ತನಗೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವಿದ್ಯುತ್ತನ್ನು ಅದು ಉತ್ಪಾದಿಸುತ್ತದೆ. ಇಂಥ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಕೊನೆಯವರೆಗೂ ಎಣ್ಣೆ ಬೇಡುವುದು ಸುಣ್ಣದ ಗೂಡು. ಅಲ್ಲಿ ಅದಕ್ಕೂ ಮರದ ತೊಗಟೆಯನ್ನೇ ಅನಿಲ ಮಾಡಿ ಉರಿಸುತ್ತಾರೆ. ಸ್ವೀಡನ್ನಿನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಚೀನಾದಲ್ಲಿ ನಮ್ಮಂತೆಯೇ ಕಲ್ಲಿದ್ದಲು. ಒಂದೇ ಹಾಳೆ, ಬಿಳಿ ಬಿಳಿಯಾಗಿ ಒಂದೇ ಥರ ಕಾಣುತ್ತದೆ. ಒಂದರ ಹಿಂದೆ ತೊಗಟೆಯ ಬೆಂಕಿ, ಇನ್ನೊಂದರ ಹಿಂದೆ ಗಣಿಯ ಬೆಂಕಿ.

ಫಿನ್ಲೆಂಡಿನವರು ದೇವತೆಗಳು ಎಂದು ನಾನು ಹೇಳುತ್ತಿಲ್ಲ. ಮರ ಉರಿದಾಗಲೂ ಹೊಗೆ ಬರುತ್ತದೆ. ಮತ್ತೆ ಅಷ್ಟೇ ಮರ ಬೆಳೆದು ಅದನ್ನು ಹೀರಿಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಬೆಳೆಯದಿದ್ದರೆ ಅದೂ ಸಾಲವೇ. ಮತ್ತೆ ಸುದ್ದಿಕಾಗದದ ಗುಟ್ಟು ಬೇರೆ. ಅದಕ್ಕೆ ಬಹುಮಟ್ಟಿಗೆ ಮರವನ್ನು ಬೇಯಿಸುವುದಿಲ್ಲ, ಅರೆಯುತ್ತಾರೆ. ಅರೆದಾಗ ಮರದ ಬಹುಪಾಲು ಹಾಳೆಗೇ ಹೋಗುತ್ತದೆ, ಉರಿಸಲು ಕಪ್ಪು ರಸ ಉಳಿಯುವುದಿಲ್ಲ. ಅರೆಯುವ ಯಂತ್ರಕ್ಕೆ ವಿದ್ಯುತ್ತು ಬೇಕು, ಅದೂ ಬಕಾಸುರನ ಹಸಿವು. ಕೆನಡಾದವರಿಗೆ ಜಲವಿದ್ಯುತ್ತು ಧಾರಾಳ, ಅದರಿಂದ ಸುದ್ದಿಕಾಗದ ಮಾಡಿ ಲೋಕಕ್ಕೆಲ್ಲ ಮಾರಿದರು. 1990ರ ದಶಕದ ನಡುವೆ ಆಮದಿನ ಬಿಗಿ ಸಡಿಲವಾದಾಗ ನಮ್ಮ ಊರಿನ ಹಾಳೆ ಆ ಹಾಳೆಯೊಡನೆ ಸಂತೆಯಲ್ಲಿ ನಿಲ್ಲಬೇಕಾಯಿತು. ಶರಾವತಿಯ ವಿದ್ಯುತ್ತಿಗಾಗಿ ಇದೇ ಜಿಲ್ಲೆಯ ಹಳ್ಳಿಗಳನ್ನು ಲಿಂಗನಮಕ್ಕಿಯಲ್ಲಿ ಮುಳುಗಿಸಿಕೊಂಡವರು ನಾವು. ಆ ಬೆಳಕು ಎಲ್ಲೆಲ್ಲಿಗೋ ಹೋಯಿತು, ಭದ್ರಾವತಿಗೆ ಕಲ್ಲಿದ್ದಲಿನ ರೈಲು ಬಂತು.

ಮರವನ್ನೇ ಕಡಿಯದೆ ಕಾಗದ ಮಾಡಿದರಾಯಿತಲ್ಲ ಎನ್ನುತ್ತೀರಿ. ಪಕ್ಕದ ತಮಿಳುನಾಡಿನಲ್ಲಿ ಅದನ್ನೇ ಮಾಡಿದರು. ಕರೂರಿನ ಹತ್ತಿರ ಅವರದೂ ಒಂದು ಕಾಗದನಗರವಿದೆ, ಹೆಸರು ಕಾಗಿತಪುರಂ. 1980ರ ದಶಕದಿಂದ ಅಲ್ಲಿ ಕಬ್ಬಿನ ಸಿಪ್ಪೆಯಿಂದ ಸುದ್ದಿಕಾಗದ, ಬರೆಯುವ ಕಾಗದ ಮಾಡಿದರು. ಕಾಡು ಉಳಿಯಿತು ಎಂದು ಹೊಗಳಿದರು, ಅದು ಸುಳ್ಳೂ ಅಲ್ಲ. ಆದರೆ ಕಬ್ಬಿನ ಸಿಪ್ಪೆ ಅಲ್ಲಿಯವರೆಗೆ ಸುಮ್ಮನೆ ಬಿದ್ದಿರಲಿಲ್ಲ. ಸಕ್ಕರೆ ಕಾರ್ಖಾನೆಯವರು ಅದನ್ನೇ ಉರಿಸಿ ಕಬ್ಬಿನ ಹಾಲು ಕಾಯಿಸುತ್ತಿದ್ದರು. ಸಿಪ್ಪೆ ಕೊಡಿ ಎಂದರೆ ಅವರು ಬಿಟ್ಟಾರೆಯೇ? ಅದಕ್ಕೆ ಪ್ರತಿಯಾಗಿ ಕಾಗದದವರು ಸಕ್ಕರೆ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನ ಬಾಯ್ಲರು ಕೂರಿಸಿ ಉಗಿ ಒದಗಿಸಿದರು. ಮರ ಉಳಿಯಿತು, ಕಲ್ಲಿದ್ದಲು ಉರಿಯಿತು. ನಮ್ಮ ಎಂಪಿಎಂಗೂ ಸಕ್ಕರೆ ಘಟಕವನ್ನು ಸೇರಿಸಿದ್ದರು. ಸಿಪ್ಪೆ ಹಾಳೆಗೋ ಒಲೆಗೋ ಎಂಬುದು ಎಲ್ಲ ಕಡೆಯೂ ಒಂದೇ ಜಗಳ. ಇದ್ದ ಒಂದೇ ಹಾಲನ್ನು ಮೊಸರಿಗೆ ಹೆಪ್ಪು ಹಾಕುವುದೋ ಮಗುವಿಗೆ ಕೊಡುವುದೋ ಎಂದು ದಿನಾ ನಿರ್ಧರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರದ್ದಿ ಕಾಗದದ ಮಾತೂ ಅಷ್ಟೇ. ಹಳೆಯ ಪೇಪರು ಕೂಡಿಟ್ಟು ಮಾರುವುದು ನಮ್ಮ ಮನೆಮನೆಯ ಹೆಂಗಸರ ಹಕ್ಕಿನ ಆದಾಯ, ಅದನ್ನು ನಿಲ್ಲಿಸಬೇಕಿಲ್ಲ. ಆದರೆ ರದ್ದಿಯಿಂದ ಕಾಗದ ಮಾಡುವ ಗಿರಣಿಗೆ ಕಪ್ಪು ರಸ ಸಿಗುವುದಿಲ್ಲ, ಉರಿಸುವ ಭಾಗ ಹಿಂದೆಯೇ ಬೇರೆ ಕಡೆ ಉರಿದುಹೋಗಿರುತ್ತದೆ. ಒಣಗಿಸುವ ಬೆಂಕಿಯನ್ನು ಅದು ಕೊಂಡೇ ತರಬೇಕು. ಯುರೋಪಿನ ಇಂಥ ಎಷ್ಟೋ ಗಿರಣಿಗಳು ನೆಲದೊಳಗಿನ ಅನಿಲವನ್ನು ನಂಬಿದ್ದವು. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾಗಿ ಅನಿಲದ ಬೆಲೆ ಗಗನಕ್ಕೇರಿದಾಗ ಇಟಲಿಯಲ್ಲಿ ಗಿರಣಿಗಳು ಯಂತ್ರ ನಿಲ್ಲಿಸಿ ಕೂತವು. ಅದೇ ವರ್ಷ ನಮ್ಮಲ್ಲಿ ಜೂನ್ ತಿಂಗಳಿನಲ್ಲಿ ಮಕ್ಕಳ ನೋಟ್‌ಬುಕ್ ಕೊಳ್ಳಲು ಹೋದವರಿಗೆ ನೆನಪಿರಬೇಕು, ಡಜನ್ನಿನ ಬೆಲೆ ಕೇಳಿ ಬಾಯಿ ಒಣಗಿತ್ತು. ತಿರುಳಿನ ಬೆಲೆ ಏರಿತ್ತು, ಕಲ್ಲಿದ್ದಲಿನ ಬೆಲೆಯೂ ಏರಿತ್ತು. ಅಂಗಡಿಯವನೊಡನೆ ನಾನು ಚೌಕಾಸಿ ಮಾಡಿದ್ದೇ ಬಂತು. ನಿಜವಾಗಿ ಚೌಕಾಸಿ ಮಾಡಬೇಕಾಗಿದ್ದದ್ದು ಗಣಿಯ ಜೊತೆ.

ಇನ್ನು ಕಾಡಿನ ಲೆಕ್ಕ. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟರು. ಅದೇ ಬಿದಿರಿಗೆ ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಬೆಲೆ ಕೊಡಬೇಕಾಗಿತ್ತು. ಮಾಧವ ಗಾಡ್ಗೀಳರು ಈ ಬಿದಿರಿನ ಕಥೆಯನ್ನು ಮತ್ತೆ ಮತ್ತೆ ಬರೆದು ಹೇಳಿದ್ದಾರೆ. ಮೊರ ಹೆಣೆಯುವ ಹೆಂಗಸು ಕಾಡಿಗೆ ಹೋಗಿ ಎರಡು ಬೊಂಬು ತಂದರೆ ಕಳ್ಳಿ, ಲಾರಿ ತಂದರೆ ಉದ್ಯಮ. ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂಬ ಗಾದೆ ಮನೆಯೊಳಗಿನದು ಎಂದುಕೊಂಡಿದ್ದೆವು, ಸರ್ಕಾರದೊಳಗೂ ಅದೇ.

ನಮ್ಮ ಕಡೆ 1980ರಲ್ಲಿ ಎಂಪಿಎಂಗೆ ಶಿವಮೊಗ್ಗ ಮತ್ತು ಸುತ್ತಲ ಸೀಮೆಯಲ್ಲಿ ಸುಮಾರು 30,000 ಹೆಕ್ಟೇರ್ ಅರಣ್ಯಭೂಮಿಯನ್ನು ನಲವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ನೀಲಗಿರಿ ಬಂತು, ಅಕೇಶಿಯಾ ಬಂತು. 1984ರಲ್ಲಿ ಹರಿಹರದ ಪಾಲಿಫೈಬರ್ಸ್ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ ಇನ್ನೂ ಅಷ್ಟೇ ಭೂಮಿ ಕೊಡಹೊರಟಾಗ ಧಾರವಾಡ ಸೀಮೆಯ ಕುಸನೂರಿನಲ್ಲಿ ಜನ ತಡೆದರು. 1987ರ ನವೆಂಬರ್ 14ರಂದು ‘ಕಿತ್ತಿಕೊ ಹಚ್ಚಿಕೊ’ ಎಂದು ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ನಮ್ಮ ಜಿಲ್ಲೆಯಲ್ಲಿ 2020ರಲ್ಲಿ ನಲವತ್ತು ವರ್ಷದ ಗುತ್ತಿಗೆ ಮುಗಿಯಿತು. ಕಾರ್ಖಾನೆ ನಿಂತು ಆಗಲೇ ಐದು ವರ್ಷ. ನಿಂತ ಕಾರ್ಖಾನೆಗೆ ಸುಮಾರು 20,000 ಹೆಕ್ಟೇರನ್ನು ಮತ್ತೆ ನಲವತ್ತು ವರ್ಷಕ್ಕೆ ಕೊಟ್ಟು ಆದೇಶವಾಯಿತು! ಒಲೆಯೇ ಇಲ್ಲದ ಮನೆಗೆ ಸೌದೆಕೊಟ್ಟಿಗೆ. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಹಳ್ಳಿಯವರು ಎದ್ದುನಿಂತದ್ದು ಆಗಲೇ.

ಅವರು ಕೇಳಿದ್ದು ಸರಿ. ಅದರ ಮೇಲೆ ಇನ್ನೊಂದು ಪ್ರಶ್ನೆಯನ್ನು ನಾನು ಸೇರಿಸುತ್ತೇನೆ. ಇಷ್ಟು ಭೂಮಿ ಕೊಟ್ಟು, ಬಿದಿರಿನ ಮೆಳೆ ಹೋಗಿ, ದನದ ಮೇವು ಹೋಗಿ, ಸೊಪ್ಪಿನ ಬೆಟ್ಟ ಹೋಗಿಯೂ ಒಳಗೆ ಕಲ್ಲಿದ್ದಲೇ ಯಾಕೆ ಉರಿಯಬೇಕಾಗಿತ್ತು? ಕಾಡನ್ನೂ ಕೊಟ್ಟು ಗಣಿಯನ್ನೂ ಸುಡುವುದಾದರೆ ಎರಡು ಕಡೆಯಿಂದಲೂ ನಷ್ಟ. ಹಳ್ಳಿಯ ಹೆಂಗಸಿಗೆ ಕಾಡಿನ ದರಗು ಗುಡಿಸಬೇಡ ಎಂದರು, ನಗರದ ಹೆಂಗಸಿಗೆ ಗ್ಯಾಸ್ ಮಿತವಾಗಿ ಬಳಸು ಎಂದರು. ಬಾಯ್ಲರಿನ ಮುಂದೆ ನಿಂತು ಯಾರೂ ಭಾಷಣ ಮಾಡಲಿಲ್ಲ.

ಕಾನೂನು ಏನೂ ಕೇಳುವುದೇ ಇಲ್ಲ ಎನ್ನಲಾಗದು. 2012ರಿಂದ ಕೇಂದ್ರ ಸರ್ಕಾರ ದೊಡ್ಡ ಕಾರ್ಖಾನೆಗಳಿಗೆ ಶಕ್ತಿ ಉಳಿತಾಯದ ಗುರಿ ಹಾಕಿತು, ಕಾಗದದ ಗಿರಣಿಗಳೂ ಆ ಪಟ್ಟಿಯಲ್ಲಿ ಸೇರಿದವು. ಒಂದು ಟನ್ ಕಾಗದಕ್ಕೆ ಎಷ್ಟು ಶಕ್ತಿ ಖರ್ಚು ಮಾಡಿದಿರಿ ಎಂಬುದು ಅದರ ಪ್ರಶ್ನೆ. ಎಷ್ಟು ಉರಿಸಿದಿರಿ ಎಂದು ಕೇಳಿತೇ ಹೊರತು ಏನನ್ನು ಉರಿಸಿದಿರಿ ಎಂದು ಕೇಳಲಿಲ್ಲ. ಇತ್ತೀಚೆಗೆ ಇಂಗಾಲದ ಲೆಕ್ಕ ಹಾಕುವ ಯೋಜನೆ ಬಂದು, ಆ ಎರಡನೆಯ ಪ್ರಶ್ನೆಯೂ ಬಾಗಿಲು ತಟ್ಟತೊಡಗಿದೆ. ಒಳ್ಳೆಯದೇ. ಆದರೆ ಅದು ನಡೆಯುತ್ತಿರುವ ಗಿರಣಿಗಳಿಗೆ. ನಿಂತ ಗಿರಣಿಯನ್ನು ಮತ್ತೆ ಎಬ್ಬಿಸುವಾಗ ಆ ಪ್ರಶ್ನೆ ಕೇಳುವುದು ಊರಿನವರ ಕೆಲಸ.

ಹೀಗೆಂದರೆ ನಮ್ಮ ಊರಿನಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಮುಚ್ಚಿದ ಕಾರ್ಖಾನೆಯನ್ನು ವಹಿಸಿಕೊಳ್ಳುವವರೇ ಸಿಗುತ್ತಿಲ್ಲ, ಇವಳೊಬ್ಬಳು ಬೆಂಕಿಗೂ ಷರತ್ತು ಹಾಕುತ್ತಾಳೆ ಎನ್ನುತ್ತಾರೆ. ನಮ್ಮ ಬೀದಿಯ ಒಬ್ಬಾಕೆಯ ಗಂಡ ಸ್ವಯಂ ನಿವೃತ್ತಿ ತೆಗೆದುಕೊಂಡವರು. ಬಂದ ಹಣದಲ್ಲಿ ಮಗಳ ಮದುವೆಯಾಯಿತು, ಉಳಿದದ್ದರಲ್ಲಿ ಒಂದು ಸಣ್ಣ ಅಂಗಡಿ. ಮಗ ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ. ಸಂಜೆ ಹೂ ಕಟ್ಟುತ್ತಾ ಕೂತಿದ್ದಾಗ ಆಕೆ ನೇರವಾಗಿಯೇ ಕೇಳಿದರು: “ಬೆಂಕಿ ಯಾವುದಾದರೇನ್ರೀ? ಮೊದಲು ಸೈರನ್ ಕೂಗಲಿ. ಹುಡುಗ ಊರಿಗೆ ಬರಲಿ.”

ಆಕೆಗೆ ನಾನು ಹವಾಮಾನದ ಪಾಠ ಹೇಳಲಿಲ್ಲ. ಸೈರನ್ ಎಷ್ಟು ವರ್ಷ ಕೂಗಬೇಕು ಎಂದು ಕೇಳಿದೆ. ಕೊಂಡು ತಂದ ಕಲ್ಲಿದ್ದಲಿನ ಮೇಲೆ ಎದ್ದುನಿಂತ ಗಿರಣಿ ಕಲ್ಲಿದ್ದಲಿನ ಬೆಲೆ ಏರಿದ ವರ್ಷ ಮತ್ತೆ ಮಲಗುತ್ತದೆ. ಇಟಲಿಯವರೇ ಮಲಗಿದ ಮೇಲೆ ನಮ್ಮದು ಯಾವ ಲೆಕ್ಕ? ತನ್ನ ತೊಗಟೆ, ತನ್ನ ಕಪ್ಪು ರಸ, ಸುತ್ತಲಿನ ರೈತರ ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ಇಂಥದ್ದನ್ನು ಉರಿಸಬಲ್ಲ ಗಿರಣಿಯಾದರೆ ದುಡ್ಡು ರೈಲು ಹತ್ತಿ ಹೊರಗೆ ಹೋಗುವ ಬದಲು ತಾಲ್ಲೂಕಿನೊಳಗೇ ಸುತ್ತುತ್ತದೆ. ಚಿಕ್ಕದಾಗಿದ್ದರೂ ಸರಿ, ಇಪ್ಪತ್ತು ಸಾವಿರ ಹೆಕ್ಟೇರ್ ಕೇಳದ ಗಿರಣಿಯಾದರೆ ಹಳ್ಳಿಯವರೂ ಅಡ್ಡ ಬರಲಾರರು.

ಆಕೆ ಸ್ವಲ್ಪ ಹೊತ್ತು ಸುಮ್ಮನೆ ಮೊಗ್ಗು ಪೋಣಿಸಿದರು. “ಹಾಗಾದರೆ ಇದನ್ನು ಯಾರ ಹತ್ತಿರ ಕೇಳಬೇಕು?” ಎಂದರು.

ಮುಂದೆ ಯಾವಾಗಲಾದರೂ ಈ ಕಾರ್ಖಾನೆಯ ಟೆಂಡರ್ ಕರೆದರೆ, ವಹಿಸಿಕೊಳ್ಳುವವನು ಎಷ್ಟು ಹಣ ಕೊಡುತ್ತಾನೆ, ಎಷ್ಟು ಜನಕ್ಕೆ ಕೆಲಸ ಕೊಡುತ್ತಾನೆ ಎಂಬ ಸಾಲುಗಳ ಕೆಳಗೆ, ಬಾಯ್ಲರಿಗೆ ಏನು ಹಾಕುತ್ತಾನೆ, ಅದನ್ನು ಎಲ್ಲಿಂದ ತರುತ್ತಾನೆ ಎಂಬ ಎರಡು ಸಾಲನ್ನೂ ಬರೆಸಬೇಕು. ಶಾಸಕರ ಮನೆಗೆ ಮನವಿ ಕೊಡಲು ಹೋಗುವಾಗ ಗಂಡಸರು ಬರೆದ ಕಾಗದಕ್ಕೆ ಬರೀ ರುಜು ಹಾಕಿ ಬರಬಾರದು ಎಂದೆ. ಆಕೆ ಹೂವಿನ ದಾರ ಕಡಿದು, ಮೊದಲು ಆ ಎರಡು ಸಾಲು ಒಂದು ಚೀಟಿಯಲ್ಲಿ ಬರೆದುಕೊಡಿ ಎಂದರು.